ಬೇತಾಳದ ಇಪ್ಪತ್ತಾರನೆಯ ಕಥೆ

ಬೇತಾಳ ವಿಕ್ರಮನಿಗೆ ಹೇಳಿದ ಕಥೆಗಳು ಎಷ್ಟು? ಸಂಸ್ಕೃತ ಓದಿಕೊಂಡವರನ್ನು ಕೇಳಿದರೆ, ಹೆಸರಿನಲ್ಲೇ ಇದೆಯಲ್ಲ, ಪಂಚವಿಂಶತಿ, 25 ಎಂದು ಹೇಳಿಬಿಡುತ್ತಾರೆ. ‘ಚಂದಮಾಮ’ ಓದಿ ಬೆಳೆದವರನ್ನು ಕೇಳಿದರೆ, ಸ್ವಲ್ಪ ಹೊತ್ತು ಸುಮ್ಮನಿದ್ದು, ಲೆಕ್ಕ ಇಟ್ಟವರು ಯಾರು ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಎರಡೂ ಉತ್ತರಗಳು ಸರಿಯೇ. ಆದರೆ ಈ ಎರಡು ಉತ್ತರಗಳ ನಡುವೆ ಒಂದು ಚರಿತ್ರೆ ಇದೆ. ಅದನ್ನು ನಾವು ಬರೆದಿಡಲಿಲ್ಲ, ಬರೆದಿಡಬೇಕಾದ ಚರಿತ್ರೆ ಎಂದು ಭಾವಿಸಲೂ ಇಲ್ಲ. ಮಕ್ಕಳ ಪತ್ರಿಕೆಗೆಲ್ಲ ಎಂಥ ಚರಿತ್ರೆ ಎಂಬ ತಾತ್ಸಾರವೇ ಇದಕ್ಕೆ ಕಾರಣವಿರಬೇಕು.

ಆ ತಾತ್ಸಾರದ ಫಲವನ್ನು ನಾನು ಕೆಲವು ವರ್ಷಗಳ ಹಿಂದೆ ಒಂದು ವಿಚಾರಗೋಷ್ಠಿಯಲ್ಲಿ ಕಣ್ಣಾರೆ ಕಂಡೆ. ಪ್ರಾಚೀನ ಭಾರತದ ರಾಜನೀತಿಯನ್ನು ಕುರಿತು ಮಾತನಾಡಿದ ವಿದ್ವಾಂಸರೊಬ್ಬರು, ಮಂತ್ರಿಪದವಿಗೆ ಇಬ್ಬರಲ್ಲಿ ಯಾರು ಯೋಗ್ಯರು ಎಂದು ಅರಸನೊಬ್ಬ ಪರೀಕ್ಷಿಸುವ ಬೇತಾಳದ ಕಥೆಯೊಂದನ್ನು ಸೊಗಸಾಗಿ ಹೇಳಿ, ಗುಣಾಢ್ಯನ ಕಾಲಕ್ಕೇ ನಮ್ಮಲ್ಲಿ ಇಂಥ ವಿವೇಕವಿತ್ತು ನೋಡಿ ಎಂದರು. ಸಭೆ ಚಪ್ಪಾಳೆ ತಟ್ಟಿತು. ಕಥೆ ಚೆನ್ನಾಗಿಯೇ ಇತ್ತು. ತೊಂದರೆಯೆಂದರೆ ಅದು ಗುಣಾಢ್ಯನದೂ ಅಲ್ಲ, ಸೋಮದೇವನದೂ ಅಲ್ಲ. ಹೊಳೆಹೊನ್ನೂರಿನ ನಮ್ಮ ಮನೆಯ ಅಟ್ಟದ ಮೇಲೆ, ನನ್ನ ಸೋದರಮಾವ ಬೈಂಡು ಮಾಡಿಸಿಟ್ಟ ‘ಚಂದಮಾಮ’ದ ಸಂಪುಟವೊಂದರಲ್ಲಿ ಇರುವಂಥದು. ಅದನ್ನು ಬರೆದದ್ದು ಮದರಾಸಿನ ವಡಪಳನಿಯಲ್ಲಿ, ಸ್ವಾತಂತ್ರ್ಯ ಬಂದಮೇಲೆ. ನಾನು ಎದ್ದು ಹೇಳಲಿಲ್ಲ. ಹಿರಿಯರು, ಊಟದ ಹೊತ್ತೂ ಆಗಿತ್ತು. ಆದರೆ ಅಂದಿನಿಂದ ಈ ಪ್ರಶ್ನೆ ನನ್ನ ಹೆಗಲೇರಿ ಕೂತಿದೆ. ಹೊಸ ಕಥೆಯೊಂದು ಹಳೆಯ ಮರಕ್ಕೆ ಹೀಗೆ ಜೋತುಬಿದ್ದದ್ದು ಹೇಗೆ?

ಮೊದಲು ಹಳೆಯ ಮರದ ವಿಷಯ. ಕಾಶ್ಮೀರದ ಸೋಮದೇವನು ಹನ್ನೊಂದನೆಯ ಶತಮಾನದಲ್ಲಿ, ಅನಂತರಾಜನ ರಾಣಿ ಸೂರ್ಯವತಿಯ ಮನಸ್ಸಂತೋಷಕ್ಕಾಗಿ ಬರೆದ ‘ಕಥಾಸರಿತ್ಸಾಗರ’ದಲ್ಲಿ ಈ ಕಥೆಗಳು ಬರುತ್ತವೆ. ಅಲ್ಲಿ ಅರಸನ ಹೆಸರು ತ್ರಿವಿಕ್ರಮಸೇನ. ಊರು ಗೋದಾವರಿಯ ದಡದ ಪ್ರತಿಷ್ಠಾನ. ಕ್ಷಾಂತಿಶೀಲನೆಂಬ ಭಿಕ್ಷು ದಿನವೂ ಆಸ್ಥಾನಕ್ಕೆ ಬಂದು ಅರಸನ ಕೈಗೆ ಒಂದು ಹಣ್ಣು ಕೊಟ್ಟು ಹೋಗುತ್ತಾನೆ. ಅರಸ ಅದನ್ನು ಭಂಡಾರದವನ ಕೈಗೆ ದಾಟಿಸುತ್ತಾನೆ. ಹೀಗೆ ಹತ್ತು ವರ್ಷ ನಡೆಯುತ್ತದೆ. ಒಂದು ದಿನ ಸಾಕಿದ ಕೋತಿಯೊಂದು ಆ ಹಣ್ಣನ್ನು ಕಚ್ಚಲಾಗಿ ಒಳಗಿನಿಂದ ರತ್ನವೊಂದು ಉರುಳುತ್ತದೆ. ಭಂಡಾರ ತೆರೆಸಿ ನೋಡಿದರೆ ಹಣ್ಣೆಲ್ಲ ಕೊಳೆತುಹೋಗಿದೆ, ರತ್ನಗಳ ರಾಶಿ ಬಿದ್ದಿದೆ. ಇಷ್ಟೊಂದು ಕೊಟ್ಟವನು ಏನನ್ನೋ ಕೇಳದೆ ಬಿಡುವನೆ? ಭಿಕ್ಷು ಕೇಳುವುದು ಇಷ್ಟೇ: ಕೃಷ್ಣಚತುರ್ದಶಿಯ ರಾತ್ರಿ ಶ್ಮಶಾನಕ್ಕೆ ಬಂದು, ಶಿಂಶಪಾ ವೃಕ್ಷಕ್ಕೆ ತೂಗುಬಿದ್ದ ಹೆಣವನ್ನು ಮಾತಾಡದೆ ಹೊತ್ತು ತರಬೇಕು. ಹೆಣದೊಳಗೆ ಬೇತಾಳವಿದೆ. ಮುಂದಿನದು ಎಲ್ಲರಿಗೂ ಗೊತ್ತು. ಬೇತಾಳ ಕಥೆ ಹೇಳುತ್ತದೆ. ಕೊನೆಗೆ ಪ್ರಶ್ನೆ ಕೇಳುತ್ತದೆ. ಉತ್ತರ ತಿಳಿದೂ ಸುಮ್ಮನಿದ್ದರೆ ತಲೆ ಒಡೆಯುತ್ತದೆ. ಉತ್ತರ ಹೇಳಿದರೆ ಮೌನ ಮುರಿದು ಹೆಣ ಮರಕ್ಕೆ ಮರಳುತ್ತದೆ.

ಆದರೆ ಅನೇಕರು ಮರೆಯುವ ಸಂಗತಿ, ಈ ಕಥೆ ಮುಗಿಯುತ್ತದೆ ಎಂಬುದು. ಇಪ್ಪತ್ತನಾಲ್ಕನೆಯ ಕಥೆಯಲ್ಲಿ ಒಬ್ಬ ತಂದೆ ಮತ್ತು ಅವನ ಮಗ, ಒಬ್ಬ ತಾಯಿ ಮತ್ತು ಅವಳ ಮಗಳನ್ನು ಮದುವೆಯಾಗುತ್ತಾರೆ. ಆದರೆ ತಂದೆಗೆ ಮಗಳು, ಮಗನಿಗೆ ತಾಯಿ. ಇವರಿಗೆ ಹುಟ್ಟಿದ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ಅರಸ ಯೋಚಿಸಿದ, ತಿಳಿಯಲಿಲ್ಲ, ಸುಮ್ಮನೆ ನಡೆದ. ಉತ್ತರ ತಿಳಿಯದ ಆ ಮೌನವೇ ಅವನನ್ನು ಗೆಲ್ಲಿಸಿತು. ಮೆಚ್ಚಿದ ಬೇತಾಳ, ಭಿಕ್ಷು ನಿನ್ನನ್ನೇ ಬಲಿ ಕೊಡಲಿದ್ದಾನೆ, ಅಡ್ಡಬೀಳು ಎಂದಾಗ ಹೇಗೆಂದು ತೋರಿಸಿಕೊಡಲು ಅವನಿಗೇ ಹೇಳು ಎಂದು ಉಪಾಯ ಕೊಡುತ್ತದೆ. ಭಿಕ್ಷುವಿನ ತಲೆ ಹೋಗುತ್ತದೆ. ಅರಸ ಬೇತಾಳದಿಂದ ಬೇಡುವ ವರವೂ ವಿಚಿತ್ರವಾದದ್ದು: ಈ ಕಥೆಗಳು ಲೋಕದಲ್ಲಿ ಪ್ರಸಿದ್ಧವಾಗಲಿ. ಅಷ್ಟಾದಮೇಲೆ ಕಥೆಗಳ ಗಂಟು ಕಟ್ಟಿದಂತಾಯಿತು. ಚೌಕಟ್ಟಿನ ಕಥೆಯೂ ಸೇರಿ 25. ಅಲ್ಲಿಗೆ ಲೆಕ್ಕ ಮುಗಿಯಿತು.

ಇದು ಎಲ್ಲೋ ಕಾಶ್ಮೀರದ ಸಂಗತಿ, ನಮಗೇನು ಎನ್ನುವಂತಿಲ್ಲ. ಸೋಮದೇವನಿಗೆ ಮೂಲವಾದ ಗುಣಾಢ್ಯನ ‘ಬೃಹತ್ಕಥೆ’ ಪೈಶಾಚೀ ಭಾಷೆಯದು. ಸಾತವಾಹನ ರಾಜನಿಗೆ ಆರು ತಿಂಗಳಲ್ಲಿ ಸಂಸ್ಕೃತ ಕಲಿಸುತ್ತೇನೆಂದು ಶರ್ವವರ್ಮ ಹೇಳಿದಾಗ, ಹಾಗಾದರೆ ನಾನು ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ಬಿಟ್ಟೆ ಎಂದು ಗುಣಾಢ್ಯ ಪಣ ಕಟ್ಟಿ ಸೋತನಂತೆ. ಉಳಿದದ್ದು ಪಿಶಾಚಗಳ ಮಾತು. ಅದರಲ್ಲೇ ರಕ್ತದಿಂದ ಏಳು ಲಕ್ಷ ಗ್ರಂಥ ಬರೆದ. ಅರಸ ತಿರಸ್ಕರಿಸಲು ಮೃಗಪಕ್ಷಿಗಳಿಗೆ ಓದಿ ಹೇಳುತ್ತ ಒಂದೊಂದೇ ಎಲೆಯನ್ನು ಬೆಂಕಿಗೆ ಹಾಕಿದ. ಆರು ಲಕ್ಷ ಬೂದಿಯಾಗಿ ಒಂದು ಲಕ್ಷ ಉಳಿಯಿತು. ಇದು ಕಥೆ. ಶಾಸನ ಹೇಳುವುದು ಬೇರೆ: ಕೋಲಾರದ ಕಡೆಯ ಗುಮ್ಮರೆಡ್ಡಿಪುರದ ತಾಮ್ರಪಟಗಳ ಪ್ರಕಾರ, ಆರನೆಯ ಶತಮಾನದ ನಮ್ಮ ಗಂಗದೊರೆ ದುರ್ವಿನೀತನು ಈ ವಡ್ಡಕಥೆಯನ್ನು ದೇವಭಾಷೆಗೆ ತಂದನು. ಎಂದರೆ ಸೋಮದೇವನಿಗಿಂತ ಸುಮಾರು ಐನೂರು ವರ್ಷ ಮೊದಲೇ ಕನ್ನಡ ನಾಡಿನ ಅರಸನೊಬ್ಬ ಪಿಶಾಚದ ಮಾತನ್ನು ಅನುವಾದಿಸಿದ್ದಾನೆ. ಆ ಗ್ರಂಥ ನಮ್ಮ ಕೈಗೆ ಬಂದಿಲ್ಲ. ಬಂದದ್ದು 1031ರ ಸುಮಾರಿನ ದುರ್ಗಸಿಂಹನ ‘ಪಂಚತಂತ್ರ’. ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ಈತನೂ ತನ್ನ ಕಥೆಗಳ ಬೇರನ್ನು ಗುಣಾಢ್ಯನವರೆಗೆ ಒಯ್ಯುತ್ತಾನೆ. ಹಳೆಯದನ್ನು ಹೇಳುತ್ತಿದ್ದೇನೆ ಎಂದು ಹೇಳಿಕೊಂಡೇ ಹೊಸದನ್ನು ಹೇಳುವುದು ಅಂದಿನಿಂದಲೇ ನಮ್ಮ ಕಥೆಗಾರರ ಜಾಡು.

ರೂಪ ಬದಲಿಸುವವರೂ ನಮಗೆ ಹೊಸಬರಲ್ಲ. ತರಗತಿಯಲ್ಲಿ ‘ವಡ್ಡಾರಾಧನೆ’ಯ ವಿದ್ಯುಚ್ಚೋರನ ಕಥೆಯನ್ನು ಪಾಠ ಹೇಳುವಾಗ ನಿದ್ದೆಯಲ್ಲಿದ್ದ ಹುಡುಗರೂ ತಲೆಯೆತ್ತುತ್ತಾರೆ. ಮಿಥಿಲೆಯೆಂಬ ದೊಡ್ಡ ಪಟ್ಟಣ. ಹಗಲು ಪಾಳುಗುಡಿಯಲ್ಲಿ ಕುಷ್ಠರೋಗಿಯಾಗಿ ಬಿದ್ದಿರುವವನು ರಾತ್ರಿ ದಿವ್ಯರೂಪ ಧರಿಸಿ ಅಲೆಯುವ ಕಳ್ಳ. ಅವನ ಬೆನ್ನು ಬಿದ್ದ ತಳಾರ ಯಮದಂಡ. ಕಾಡಿನ ರಾಕ್ಷಸನಲ್ಲ, ಕೋಟೆಯ ಮಾಂತ್ರಿಕನಲ್ಲ, ಊರ ನಡುವೆಯೇ ಎರಡು ರೂಪದಲ್ಲಿ ಬಾಳುವ ಮನುಷ್ಯ. ಜನ್ನನ ‘ಯಶೋಧರ ಚರಿತೆ’ (1209) ಇದನ್ನೇ ಕರ್ಮದ ಕಡೆಯಿಂದ ನೋಡುತ್ತದೆ. ಹಿಟ್ಟಿನ ಕೋಳಿಯೊಂದನ್ನು ಕಡಿದ ತಪ್ಪಿಗೆ ತಾಯಿ ಮಗ ನವಿಲಾಗಿ, ನಾಯಾಗಿ, ಮೀನಾಗಿ, ಆಡಾಗಿ ಜನ್ಮದಿಂದ ಜನ್ಮಕ್ಕೆ ಅಲೆಯುತ್ತಾರೆ. ಒಂದರಲ್ಲಿ ರೂಪಾಂತರ ವಿದ್ಯೆ, ಇನ್ನೊಂದರಲ್ಲಿ ಶಿಕ್ಷೆ.

ಬೇತಾಳದ ಕಥೆಗಳಲ್ಲಿ ಅದು ವಿದ್ಯೆಯೂ ಅಲ್ಲ, ಶಿಕ್ಷೆಯೂ ಅಲ್ಲ, ವ್ಯಾಜ್ಯ. ಗುಳಿಗೆಯೊಂದನ್ನು ಬಾಯಲ್ಲಿಟ್ಟುಕೊಂಡು ಹೆಣ್ಣಾಗಿ ಅರಮನೆ ಸೇರುವ ಮನಃಸ್ವಾಮಿ, ರಾತ್ರಿ ಗುಳಿಗೆ ತೆಗೆದು ಗಂಡಾಗಿ ರಾಜಕುಮಾರಿಯ ಗಂಡನಾಗುತ್ತಾನೆ. ಕೊನೆಗೆ ಆ ರಾಜಕುಮಾರಿ ನ್ಯಾಯವಾಗಿ ಯಾರ ಹೆಂಡತಿ? ಮುದುಕ ಯೋಗಿಯೊಬ್ಬ ಸತ್ತುಬಿದ್ದ ತರುಣನ ದೇಹವನ್ನು ಹೊಗುವ ಮುನ್ನ ಮೊದಲು ಗೊಳೋ ಎಂದು ಅಳುತ್ತಾನೆ, ಆಮೇಲೆ ಕುಣಿಯುತ್ತಾನೆ. ಏಕೆ? ತಾಯಿತಂದೆ ಸಾಕಿದ ಶರೀರವನ್ನು ಬಿಡಬೇಕಲ್ಲಾ ಎಂದು ಅತ್ತ, ಹೊಸ ಪ್ರಾಯ ಬಂತಲ್ಲಾ ಎಂದು ಕುಣಿದ ಎನ್ನುತ್ತಾನೆ ಅರಸ. ಈ ಉತ್ತರವನ್ನು ಓದಿದಾಗಲೆಲ್ಲ ನನಗೆ, ಸೋಮದೇವ ಮನುಷ್ಯರನ್ನು ಬಹಳ ಹತ್ತಿರದಿಂದ ಕಂಡವನು ಎನ್ನಿಸುತ್ತದೆ. ಸತ್ತ ಮಂದಾರವತಿಗೆ ಮೂವರು ವರರು. ಒಬ್ಬ ಅವಳ ಅಸ್ಥಿಯನ್ನು ಗಂಗೆಗೆ ಒಯ್ದ, ಒಬ್ಬ ಬೂದಿಯ ಮೇಲೆಯೇ ಮಲಗಿದ, ಒಬ್ಬ ಮಂತ್ರ ತಂದು ಬದುಕಿಸಿದ. ಬದುಕಿಸಿದವನು ತಂದೆ, ಅಸ್ಥಿ ಒಯ್ದವನು ಮಗ, ಬೂದಿಯ ಮೇಲೆ ಮಲಗಿದವನೇ ಗಂಡ ಎಂಬುದು ತೀರ್ಪು. ಮಂತ್ರ ಎಷ್ಟೇ ದೊಡ್ಡದಿರಲಿ, ಪ್ರಶ್ನೆ ಇರುವುದು ಋಣದ್ದು.

ಅಚ್ಚುಕೂಟದ ಕಾಲಕ್ಕೆ ಬಂದರೆ ಈ ಕಥೆಗಳು ಮೊದಲು ಪಠ್ಯಪುಸ್ತಕಗಳಾದವು ಎಂಬುದು ತಮಾಷೆಯಾದ ಸಂಗತಿ. ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಇಂಗ್ಲಿಷ್ ಅಧಿಕಾರಿಗಳಿಗೆ ದೇಶಭಾಷೆ ಕಲಿಸಲು 1805ರಲ್ಲಿ ಹಿಂದೂಸ್ತಾನಿಯ ‘ಬೈತಾಳ ಪಚೀಸಿ’ ಬಂತು. 1847ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಬಂಗಾಳಿಗೆ ತಂದರು. 1870ರಲ್ಲಿ ರಿಚರ್ಡ್ ಬರ್ಟನ್ ಇಂಗ್ಲಿಷಿನಲ್ಲಿ ಬರೆದು, ಬೇತಾಳಕ್ಕೆ ರಕ್ತ ಕುಡಿಯುವ ಯುರೋಪಿನ ಪಿಶಾಚದ ಹೆಸರನ್ನು ಅಂಟಿಸಿದ. ಪಾಪ, ನಮ್ಮ ಬೇತಾಳ ಯಾರ ರಕ್ತವನ್ನೂ ಕುಡಿದದ್ದಲ್ಲ. ಅದು ಬೇಡಿದ್ದು ಕೇಳುವ ಕಿವಿಯನ್ನು ಮಾತ್ರ. ಕನ್ನಡದಲ್ಲಿ ‘ಬತ್ತೀಸ ಪುತ್ಥಳಿ ಕಥೆ’ಯ ಜೊತೆಯಲ್ಲಿ ಬೇತಾಳನ ಕಥೆಗಳೂ ಅಗ್ಗದ ಪುಸ್ತಕಗಳಾಗಿ ಜಾತ್ರೆ ಪರಿಷೆಗಳಲ್ಲಿ ಮಾರಾಟವಾದವು.

ಇನ್ನು ‘ಚಂದಮಾಮ’. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರ ಜುಲೈನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಇದನ್ನು ಆರಂಭಿಸಿದರು. ಕನ್ನಡದ ಸಂಚಿಕೆ 1949ರ ಜುಲೈನಲ್ಲಿ ಹೊರಟಿತು. ಇವರಿಬ್ಬರೂ ವಿಜಯಾ ಸಂಸ್ಥೆಯ ಚಲನಚಿತ್ರಗಳ ನಿರ್ಮಾಪಕರು. ‘ಪಾತಾಳ ಭೈರವಿ’ (1951), ಘಟೋತ್ಕಚನು ಶಶಿರೇಖೆಯ ರೂಪ ತಾಳಿ ಮದುವೆಮನೆಯನ್ನೇ ಬುಡಮೇಲು ಮಾಡುವ ‘ಮಾಯಾಬಜಾರ್’ (1957) ಇವರವೇ. ಅತ್ತ ತೆರೆಯ ಮೇಲೆ ಮಾಯೆ, ಇತ್ತ ಕಾಗದದ ಮೇಲೆ ಮಾಯೆ, ಎರಡಕ್ಕೂ ಯಜಮಾನರು ಒಬ್ಬರೇ. ಪತ್ರಿಕೆಯ ಒಳಗೆ ಮಾಯೆಯ ಕೆಲಸ ಎರಡು ಪಾಲಾಗಿತ್ತು. ದಾಸರಿ ಸುಬ್ರಹ್ಮಣ್ಯಂ ಎಂಬ ತೆಲುಗು ಲೇಖಕರು 1950ರ ದಶಕದಿಂದ 1970ರ ದಶಕದ ಕೊನೆಯವರೆಗೆ ಒಂದರ ಹಿಂದೊಂದು ಧಾರಾವಾಹಿಗಳನ್ನು ಬರೆದರು. ಮೂವರು ಮಾಂತ್ರಿಕರು, ಮಕರದೇವತೆ, ಜ್ವಾಲಾದ್ವೀಪ, ಕೊನೆಯ ಕಡೆಗೆ ಕರಡಿಯ ವೇಷದ ಭಲ್ಲೂಕ ಮಾಂತ್ರಿಕ. ಅವು ತಿಂಗಳಿಂದ ತಿಂಗಳಿಗೆ ಬೆಳೆದು ಒಂದು ದಿನ ಮುಗಿಯುವ ಕಥೆಗಳು. ಬೇತಾಳದ್ದು ಮಾತ್ರ ಪ್ರತಿ ತಿಂಗಳೂ ಮುಗಿದು, ಎಂದೂ ಮುಗಿಯದ ಕಥೆ.

ಮೊದಲಿಗೆ ಪತ್ರಿಕೆ ಹಳೆಯ ಕಥೆಗಳನ್ನೇ ಮಕ್ಕಳಿಗೆ ತಕ್ಕಂತೆ ತಿದ್ದಿ ಹೇಳಿತು. ಅವು ಎಷ್ಟು ಕಾಲ ಬಂದಾವು? ತಿಂಗಳಿಗೊಂದರಂತೆ ಎರಡು ವರ್ಷಕ್ಕೆ ಭಂಡಾರ ಬರಿದು. ಆಗ ಎರಡು ದಾರಿಗಳಿದ್ದವು. ಸೋಮದೇವನಂತೆ ಅರಸನನ್ನು ಸುಮ್ಮನಾಗಿಸಿ, ಭಿಕ್ಷುವನ್ನು ಕೊಂದು, ಮಂಗಳ ಹಾಡುವುದು ಒಂದು. ಇಪ್ಪತ್ತಾರನೆಯ ಕಥೆಯನ್ನು ಹೊಸದಾಗಿ ಕಟ್ಟುವುದು ಇನ್ನೊಂದು. ವಡಪಳನಿಯವರು ಎರಡನೆಯದನ್ನು ಆರಿಸಿಕೊಂಡರು. ಅದಕ್ಕಾಗಿ ಅವರು ಮೂಲದಿಂದ ಕಿತ್ತುಹಾಕಬೇಕಾದದ್ದು ಒಂದೇ ಒಂದು ಇಟ್ಟಿಗೆ: ಅರಸನಿಗೆ ಉತ್ತರ ತಿಳಿಯದ ಪ್ರಶ್ನೆ. ವಿಕ್ರಮ ಎಂದೂ ತಬ್ಬಿಬ್ಬಾಗಕೂಡದು. ಅವನು ಪ್ರತಿ ಸಲವೂ ಸರಿಯಾದ ಉತ್ತರ ಹೇಳುವವರೆಗೆ ಬೇತಾಳ ಮರಕ್ಕೆ ಮರಳುತ್ತಲೇ ಇರುತ್ತದೆ, ಪತ್ರಿಕೆ ಹೊರಡುತ್ತಲೇ ಇರುತ್ತದೆ. ಜಾಣತನಕ್ಕೆ ಸಿಕ್ಕುವ ಬಹುಮಾನ ಮತ್ತೆ ಅದೇ ಹೆಣ. ‘ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ’ ಎಂಬ ನಮ್ಮ ಗಾದೆಯನ್ನು ತಲೆಕೆಳಗು ಮಾಡಿದರೆ ಈ ಕಥೆಗೆ ಹೊಂದುತ್ತದೆ. ಇಲ್ಲಿ ಪಿಶಾಚಿ ಹೋಗುತ್ತದೆ, ಅರಸನೇ ಮತ್ತೆ ಮತ್ತೆ ಹುಡುಕಿಕೊಂಡು ಬರುತ್ತಾನೆ.

ಈ ಹೊಸ ಕಥೆಗಳ ಹಿಂದೆ ಇದ್ದವರಲ್ಲಿ ಮುಖ್ಯರು ಕೊಡವಟಿಗಂಟಿ ಕುಟುಂಬರಾವ್. 1909ರಲ್ಲಿ ಹುಟ್ಟಿದ ಇವರು 1952ರಿಂದ 1980ರಲ್ಲಿ ತೀರಿಕೊಳ್ಳುವವರೆಗೆ ‘ಚಂದಮಾಮ’ದ ಸಂಪಾದನೆಯ ಹೊಣೆ ಹೊತ್ತವರು. ತೆಲುಗು ಸಾಹಿತ್ಯದಲ್ಲಿ ಇವರ ಸ್ಥಾನ ದೊಡ್ಡದು: ಮಧ್ಯಮವರ್ಗದ ಬದುಕಿನ ನಿಷ್ಠುರ ಕಥೆಗಾರರು, ಮಾರ್ಕ್ಸ್‌ವಾದಿ, ವಿಚಾರವಾದಿ. ದೆವ್ವ ಭೂತಗಳನ್ನು ನಂಬದ ಮನುಷ್ಯ ಮೂರು ದಶಕ ಕಾಲ ತಿಂಗಳು ತಪ್ಪದೆ ಬೇತಾಳವನ್ನು ಮರದಿಂದ ಇಳಿಸಿ ಮಾತಾಡಿಸಿದರು. ಇದರಲ್ಲಿ ವಿರೋಧವೇನೂ ಇಲ್ಲವೆಂದು ನನ್ನ ಎಣಿಕೆ. ಹೊಸ ಬೇತಾಳದ ಕಥೆಗಳನ್ನು ಸಾಲಾಗಿ ಓದಿದರೆ ಒಂದು ಅಂಶ ಎದ್ದು ಕಾಣುತ್ತದೆ. ಅಲ್ಲಿ ಮಂತ್ರದಂಡ ಬರುತ್ತದೆ, ಬ್ರಹ್ಮರಾಕ್ಷಸ ಬರುತ್ತದೆ, ಹಕ್ಕಿಯಾಗುವ ಯಕ್ಷಿಣಿ ಬರುತ್ತಾಳೆ. ಆದರೆ ಪ್ರಶ್ನೆ ಬರುವುದು, ಬಂದ ಶಕ್ತಿಯನ್ನು ಕೈಬಿಟ್ಟವನು ಮೂರ್ಖನೇ, ಕೆಲಸ ಬಲ್ಲ ಬಡವನನ್ನು ಬಿಟ್ಟು ಕುಲೀನನನ್ನು ಆರಿಸಿದ ಅರಸ ಮಾಡಿದ್ದು ನ್ಯಾಯವೇ ಎಂಬಂಥದು. ಸೋಮದೇವನ ಬೇತಾಳ ಯಾರು ಯಾರ ಹೆಂಡತಿ ಎಂದು ಕೇಳುತ್ತಿತ್ತು. ವಡಪಳನಿಯ ಬೇತಾಳ ಯಾರು ಯಾವ ಕೆಲಸಕ್ಕೆ ಯೋಗ್ಯರು ಎಂದು ಕೇಳಿತು. ಹೊಸದಾಗಿ ಸ್ವತಂತ್ರವಾದ ದೇಶದ ಮಗುವಿಗೆ ಇದು ಸಹಜವಾದ ಪ್ರಶ್ನೆಯೇ.

ನಷ್ಟವೂ ಆಯಿತೆನ್ನಬೇಕು. ಹಳೆಯ ಶ್ಮಶಾನದ ಹೊಗೆ, ನಾತ, ನರಿಗಳ ಊಳು ಹೊಸದರಲ್ಲಿ ಇಲ್ಲ. ಅಲ್ಲಿನ ಅಂಜಿಕೆ ಚೊಕ್ಕಟವಾಗಿ ಗುಡಿಸಿಟ್ಟ ಅಂಗಳದ ಅಂಜಿಕೆ. ಉತ್ತರಗಳೂ ಕೆಲವೊಮ್ಮೆ ಮೇಷ್ಟರ ಉತ್ತರಗಳು. ನಾನೂ ಮೇಷ್ಟರಾದ್ದರಿಂದ ಇದನ್ನು ಹೇಳುವ ಅಧಿಕಾರ ಇದೆಯೆಂದುಕೊಂಡಿದ್ದೇನೆ.

ಇಲ್ಲಿ ಚರಿತ್ರೆಯ ದೃಷ್ಟಿಯಿಂದ ಬಹಳ ಬೆಲೆಯುಳ್ಳ ಸಣ್ಣ ಸಾಕ್ಷ್ಯವೊಂದಿದೆ. ತೆಲುಗು ‘ಚಂದಮಾಮ’ದ ಹಳೆಯ ಸಂಚಿಕೆಗಳಲ್ಲಿ, ಬೇತಾಳ ಮರವೇರಿದ ಮೇಲೆ, ಕಥೆಯ ಕೊನೆಯಲ್ಲಿ ಕಂಸದೊಳಗೆ ಒಂದೇ ಪದ ಅಚ್ಚಾಗಿರುತ್ತದೆ: ‘ಕಲ್ಪಿತಂ’. ಇದು ಹಳೆಯದಲ್ಲ, ನಾವು ಕಟ್ಟಿದ್ದು ಎಂದು ಪತ್ರಿಕೆ ತಾನೇ ಒಪ್ಪಿಕೊಂಡಿತ್ತು. ದುರ್ಗಸಿಂಹ ತೋರದ ಪ್ರಾಮಾಣಿಕತೆ ಇದು! ಹೊಸದನ್ನು ಹಳೆಯದೆಂದು ಯಾರೂ ಮೋಸ ಮಾಡಲಿಲ್ಲ. ಓದುವವರು ನಾವು, ಆ ಪದದ ಮೇಲೆ ಕಣ್ಣು ಹಾಯಿಸಿ ಪುಟ ಮಗುಚಿದೆವು. ಮುಂದಿನ ಕಾಲದಲ್ಲಿ ಆಧಾರ ಇಂಥವರ ರಚನೆ ಎಂದು ಕಥೆ ಕಳಿಸಿದವರ ಹೆಸರೂ ಬರತೊಡಗಿತು. ವಿಚಾರಗೋಷ್ಠಿಯ ನಮ್ಮ ವಿದ್ವಾಂಸರು ಅಷ್ಟು ಕೆಳಗೆ ನೋಡಿದ್ದರೆ, ಗುಣಾಢ್ಯನಿಗೆ ಸಂದ ಚಪ್ಪಾಳೆ ವಡಪಳನಿಯ ಯಾರೋ ಒಬ್ಬ ಲೇಖಕನಿಗೆ ಸಲ್ಲುತ್ತಿತ್ತು.

ನಮ್ಮನ್ನು ಹೀಗೆ ಮರುಳುಮಾಡಿದ್ದರಲ್ಲಿ ಚಿತ್ರದ ಪಾಲೂ ದೊಡ್ಡದು. ಎಡ ಹೆಗಲ ಮೇಲೆ ಹೆಣ, ಬಲಗೈಯಲ್ಲಿ ಹಿರಿದ ಕತ್ತಿ, ಹಿಂದೆ ಮುಂದೆ ತಲೆಬುರುಡೆಗಳು: ಈ ಚಿತ್ರವನ್ನು ಬರೆದವರು ಕೆ.ಸಿ. ಶಿವಶಂಕರನ್, ಪತ್ರಿಕೆಯ ‘ಶಂಕರ್’. 1952ರಲ್ಲಿ ಸೇರಿ, ಪತ್ರಿಕೆ ನಿಲ್ಲುವವರೆಗೂ ಅದಕ್ಕೆ ಚಿತ್ರ ಬರೆದರು. ಹೊದಿಕೆಯ ಮೇಲೆ ಮಹಾಭಾರತದ ವೀರರನ್ನು ಮೂಡಿಸಿದ ಎಂ.ಟಿ.ವಿ. ಆಚಾರ್ಯರು ಮಾತ್ರ ನಮ್ಮವರು, ಕನ್ನಡದವರು. ಚಿತ್ರ ಅಷ್ಟು ಪುರಾತನವಾಗಿ ಕಾಣುತ್ತಿದ್ದಾಗ ಕೆಳಗಿನ ಕಥೆ ಕಳೆದ ತಿಂಗಳು ಬರೆದದ್ದೆಂದು ಯಾವ ಮಗುವಿಗೆ ತಾನೇ ತೋರೀತು?

ನಾನು ಈ ಕಥಾಮಾಲೆಯ ಬೆನ್ನು ಹತ್ತಿದ್ದು 1980ರ ದಶಕದ ಕೊನೆಯಲ್ಲಿ. ಶಿವಮೊಗ್ಗದಿಂದ ಬರುವ ಬಸ್ಸಿನಲ್ಲಿ ಯಾರಾದರೂ ತಂದುಕೊಡುತ್ತಿದ್ದ ಹೊಸ ಸಂಚಿಕೆ ಕೆಳಗೆ ಜಗಲಿಯಲ್ಲಿ. ಮಾವನ 1960ರ ದಶಕದ ಸಂಪುಟಗಳು ಮೇಲೆ ಅಟ್ಟದಲ್ಲಿ. ಹೊಸತನ್ನು ಓದಿ ಮುಗಿಸಿ ಏಣಿ ಹತ್ತಿದರೆ, ಇಪ್ಪತ್ತೈದು ವರ್ಷ ಹಿಂದಿನ ಅರಸನೂ ಅದೇ ದಾರಿಯಲ್ಲಿ, ಅದೇ ಹೆಗಲಿನಲ್ಲಿ ಹೆಣ ಹೊತ್ತು ನಡೆಯುತ್ತಿದ್ದ. ನಡುವೆ ಭದ್ರಾ ಅಣೆಕಟ್ಟಿನ ನಾಲೆ ಬಂದು ನಮ್ಮೂರ ಬಯಲಿನ ಬೆಳೆ ಬದಲಾಯಿತು, ಭದ್ರಾವತಿಯ ಕಾರ್ಖಾನೆಯ ಕೆಲಸಕ್ಕೆ ಸೇರಿದ ನಮ್ಮ ಕಡೆಯವರು ನಿವೃತ್ತರೂ ಆದರು. ಅರಸನ ಒಂದು ಕೂದಲೂ ನೆರೆಯಲಿಲ್ಲ.

ಓದುವ ಕೆಲಸ ನನ್ನದು, ಕೇಳುವವರು ಅಜ್ಜಿ ಮತ್ತು ಅಕ್ಕಪಕ್ಕದ ಮನೆಯವರು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಕಥೆಯ ಕಟ್ಟು ಚೆನ್ನಾಗಿ ತಿಳಿದಿತ್ತು. ಬೇತಾಳ ಪ್ರಶ್ನೆ ಕೇಳಿದ ಕೂಡಲೆ, “ತಡಿಯೋ, ಮುಂದೆ ಓದ್ಬೇಡ. ರಾಜ ಆಮೇಲೆ ಹೇಳ್ಲಿ, ಮೊದ್ಲು ಇವ್ರು ಹೇಳ್ಲಿ” ಎಂದು ತಡೆಯುತ್ತಿದ್ದಳು. ಆಮೇಲೆ ಜಗಲಿಯೇ ನ್ಯಾಯಸ್ಥಾನ. ಪಕ್ಕದ ಮನೆಯ ಅಡಿಕೆ ಸುಲಿಯುವ ಹೆಂಗಸೊಬ್ಬಳು, ವರ ಸಿಕ್ಕಿಯೂ ಬೇಡವೆಂದವನ ಕಥೆ ಕೇಳಿ, “ಅವ್ನಿಗೆ ಹೊಟ್ಟೆ ಹಸ್ದಿರ್ಲಿಲ್ಲ, ಅದ್ಕೆ ಬ್ಯಾಡ ಅಂದ” ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು. ಅರಸನ ಉತ್ತರ ಬೇರೆಯಾಗಿತ್ತು, ತ್ಯಾಗ ವಿವೇಕ ಮುಂತಾಗಿ. ಆಕೆ ಒಪ್ಪಲಿಲ್ಲ. “ರಾಜಂಗೇನು ಗೊತ್ತು” ಎಂದಳು. ಈ ಕಥೆಗಳು ಅಷ್ಟು ದೀರ್ಘಕಾಲ ಉಳಿದದ್ದು ಅರಸನ ಉತ್ತರದಿಂದಲ್ಲ, ಪ್ರಶ್ನೆಗೂ ಉತ್ತರಕ್ಕೂ ನಡುವಿನ ಆ ಜಾಗದಿಂದ ಎಂದು ನನಗೆ ತೋರುವುದು ಆಕೆಯನ್ನು ನೆನೆದಾಗ.

ಆ ಜಾಗವನ್ನು ದೊಡ್ಡದು ಮಾಡಿ ನಾಟಕ ಕಟ್ಟಿದವರು ಗಿರೀಶ ಕಾರ್ನ್ಯಾಡರು. ತಲೆ ಅದಲುಬದಲಾದ ಬೇತಾಳದ ಕಥೆಯಲ್ಲಿ ಸೋಮದೇವನ ಪ್ರಕಾರ ತಲೆ ಕಳೆದುಕೊಂಡವರು ಗಂಡ ಮತ್ತು ಹೆಂಡತಿಯ ಸೋದರ. ಜರ್ಮನಿಯ ಥಾಮಸ್ ಮಾನ್ 1940ರಲ್ಲಿ ಬರೆದ ಕಿರುಕಾದಂಬರಿಯಲ್ಲಿ ಗಂಡ ಮತ್ತು ಅವನ ಗೆಳೆಯ. ಕಾರ್ನ್ಯಾಡರ ‘ಹಯವದನ’ (1971) ಮಾನ್ ಹಿಡಿದ ದಾರಿಯಲ್ಲಿ ಹೊರಟು, ದೇವದತ್ತ, ಕಪಿಲ, ಪದ್ಮಿನಿಯರನ್ನು ನಮ್ಮ ರಂಗದ ಮೇಲೆ ತಂದಿತು. ತಲೆಯೇ ಪ್ರಧಾನ, ಆದ್ದರಿಂದ ತಲೆ ಇದ್ದವನೇ ಗಂಡ ಎಂಬುದು ವಿಕ್ರಮನ ತೀರ್ಪು. ಬೇತಾಳ ಅದನ್ನು ಒಪ್ಪಿ ಹಾರಿಹೋಯಿತು. ನಾಟಕದಲ್ಲಿ ತೀರ್ಪು ಬಂದಮೇಲೆಯೇ ನಿಜವಾದ ತೊಡಕು ಶುರುವಾಗುತ್ತದೆ, ಏಕೆಂದರೆ ದೇಹಕ್ಕೂ ಅದರದೇ ನೆನಪಿದೆ. ಕುದುರೆತಲೆಯ ಹಯವದನ ಕಾರ್ನ್ಯಾಡರದೇ ಸೇರ್ಪಡೆ. ಇದನ್ನೂ ಇಪ್ಪತ್ತಾರನೆಯ ಕಥೆ ಎಂದೇ ನಾನು ಎಣಿಸುತ್ತೇನೆ.

ಈಗಿನ ಹುಡುಗರು ಇಂಥ ಕಥೆಗಳನ್ನು ಬಿಟ್ಟಿಲ್ಲ, ಅಂಗಡಿ ಬದಲಿಸಿದ್ದಾರೆ. ನನ್ನ ವಿದ್ಯಾರ್ಥಿನಿಯೊಬ್ಬಳು ಜಿಮ್ ಬುಚರ್ ಎಂಬ ಅಮೆರಿಕದ ಲೇಖಕನ ಕಾದಂಬರಿಮಾಲೆಯನ್ನು ಬಿಡದೆ ಓದುತ್ತಾಳೆ. 2000ದಲ್ಲಿ ಆರಂಭವಾದ ಈ ಮಾಲೆಯ ನಾಯಕ ಶಿಕಾಗೋ ನಗರದಲ್ಲಿ ಕಚೇರಿ ತೆರೆದು ಕೂತ ಮಾಂತ್ರಿಕ. ಬೀದಿಯಲ್ಲಿ ತೋಳವಾಗುವ ಮನುಷ್ಯರು ಓಡಾಡುತ್ತಾರೆ. ಒಂದನ್ನು ನಾನೂ ಓದಿದೆ. ಚುರುಕಾದ ಕಥೆ. ಅವಳಿಗೆ ವಿದ್ಯುಚ್ಚೋರನನ್ನು ತೋರಿಸಿದೆ. “ಸಾರ್, ಇದೂ ಅದೇ ತರ ಅಲ್ವಾ, ಸಿಟಿ ಒಳಗೇ ನಡೀತದೆ” ಎಂದಳು. ಅದೇ ತರ, ಒಂದು ಭೇದದೊಡನೆ. ಆ ಮಾಲೆಯ ನಾಯಕ ಪುಸ್ತಕದಿಂದ ಪುಸ್ತಕಕ್ಕೆ ಗಾಯಗೊಳ್ಳುತ್ತಾನೆ, ಬಂಧುಗಳನ್ನು ಕಳೆದುಕೊಳ್ಳುತ್ತಾನೆ. ಓದುಗ ಹಿಂಬಾಲಿಸುವುದು ಅವನನ್ನು. ನಾವು ವಿಕ್ರಮನನ್ನು ಹಿಂಬಾಲಿಸಲಿಲ್ಲ. ಅವನು ಮನೆಗೆ ಹೋದನೇ, ಊಟ ಮಾಡಿದನೇ ಎಂದು ಯಾರೂ ಕೇಳಿದ್ದಿಲ್ಲ. ಹೆಗಲ ಮೇಲಿನದು ಈ ತಿಂಗಳು ಏನು ಹೇಳುತ್ತದೆ ಎಂಬುದಷ್ಟೇ ನಮ್ಮ ಚಿಂತೆಯಾಗಿತ್ತು.

ಕೊನೆಯ ಭಾಗ ಬೇಗ ಹೇಳಿ ಮುಗಿಸಬಹುದು. 1985ರಲ್ಲಿ ರಮಾನಂದ ಸಾಗರರು ಬೇತಾಳವನ್ನು ದೂರದರ್ಶನಕ್ಕೆ ತಂದರು. ಅದು ಸೋಮದೇವನನ್ನು ಅನುಸರಿಸಿದ್ದರಿಂದ ಕೆಲವೇ ತಿಂಗಳಲ್ಲಿ ಮುಗಿಯಿತು. ‘ಚಂದಮಾಮ’ 1998ರಲ್ಲಿ ನಿಂತು 1999ರಲ್ಲಿ ಮತ್ತೆ ಹೊರಟಿತು. 2007ರಲ್ಲಿ ಮುಂಬಯಿಯ ಜಿಯೊಡೆಸಿಕ್ ಕಂಪನಿಯ ಕೈಸೇರಿ, 2013ರ ಹೊತ್ತಿಗೆ ನಿಂತೇಹೋಯಿತು. ಶಂಕರ್ 2020ರಲ್ಲಿ ತೀರಿಕೊಂಡರು. ಮರುವರ್ಷ ಪದ್ಮಶ್ರೀ ಬಂತು. ಬೇತಾಳ ಮಾತ್ರ ಮರದ ಮೇಲೆಯೇ ಉಳಿಯಿತು. ಭಿಕ್ಷುವಿನ ಸಂಚು ಬಯಲಾಗಲಿಲ್ಲ. ಅಷ್ಟು ವರ್ಷ ನಡೆದ ಅರಸ ಶ್ಮಶಾನದ ಅಂಚನ್ನೂ ಮುಟ್ಟಲಿಲ್ಲ.

ನನಗೆ ಈಗ ಉಳಿದಿರುವ ಕೆಲಸ ಬೇರೆ. ತೆಲುಗಿನವರು ತಮ್ಮ ಕುಟುಂಬರಾಯರನ್ನೂ ದಾಸರಿಯವರನ್ನೂ ಹೆಸರಿಟ್ಟು ನೆನೆಯುತ್ತಾರೆ, ಅವರ ಬರಹಗಳನ್ನು ಪುಸ್ತಕವಾಗಿ ತಂದಿದ್ದಾರೆ. ತಿಂಗಳು ತಿಂಗಳೂ ಆ ತೆಲುಗನ್ನು ಕನ್ನಡ ಮಾಡಿದವರು ಯಾರೆಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಉತ್ತರ ಹೇಳಬಲ್ಲರು? ಮೈಸೂರಿನದೂ ಅಲ್ಲದ, ಧಾರವಾಡದ್ದೂ ಅಲ್ಲದ, ಎಲ್ಲ ಕಡೆಯ ಮಗುವಿಗೂ ತಿಳಿಯುವ ಆ ತಿಳಿಗನ್ನಡ ಗದ್ಯವೇ ನನಗೂ ನನ್ನಂಥ ಸಾವಿರಾರು ಜನಕ್ಕೂ ಓದು ಕಲಿಸಿತು. ದುರ್ವಿನೀತನ ಅನುವಾದ ಹೋಯಿತು, ಹೆಸರು ತಾಮ್ರದ ಮೇಲೆ ಉಳಿಯಿತು. ಇವರ ಅನುವಾದ ಅಟ್ಟದ ಮೇಲಿದೆ, ಹೆಸರನ್ನು ಹುಡುಕಬೇಕಾಗಿದೆ.

ಆದ್ದರಿಂದ ಹೊಳೆಹೊನ್ನೂರು, ಕೂಡಲಿ, ಭದ್ರಾವತಿಯ ಕಡೆಯ ವಾಚಕರಲ್ಲಿ ನನ್ನದೊಂದು ವಿನಂತಿ. ಹಳೆಯ ‘ಚಂದಮಾಮ’ಗಳು ಮನೆಯಲ್ಲಿದ್ದರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ. ಮದರಾಸಿನಲ್ಲಿ ಈ ಕೆಲಸ ಮಾಡಿದ ಬಂಧುಗಳು ಯಾರಿಗಾದರೂ ಇದ್ದರೆ ಅವರ ಹೆಸರು, ಇದ್ದ ವರ್ಷ ಬರೆದಿಡಿ. ಬೈಂಡು ಮಾಡಿಸುವವರು ಹೊದಿಕೆಯ ಪುಟವನ್ನೂ ಮೊದಲ ಪುಟವನ್ನೂ ಕೀಳಿಸಬೇಡಿ. ನನ್ನ ಮಾವ ಕೀಳಿಸಿದ್ದರು. ಸಂಪಾದಕರು ಮುಂತಾದವರ ವಿವರ ಅಚ್ಚಾಗುವುದು ಅಲ್ಲಿಯೇ.